ಕಾಗದದ ಮನೆ, ಗಣಕಯಂತ್ರದ ಮನೆ

ಕವಿ ರನ್ನನ ಹೆಸರನ್ನು ಹೊತ್ತ ಮುಧೋಳ ಸೀಮೆಯ ರನ್ನ ಬೆಳಗಲಿಯಂತಹ ಊರುಗಳಲ್ಲಿ ಮನೆ ಕಟ್ಟಿಸಬಯಸುವವರು ಮೊದಲು ನೋಟುಬುಕ್ಕಿನ ಹಾಳೆಯ ಮೇಲೆ ಗೆರೆ ಎಳೆಯುತ್ತಾರೆ: ಇಲ್ಲಿ ಪಡಸಾಲೆ, ಅಲ್ಲಿ ಅಡುಗೆಮನೆ, ಹಿಂದೆ ಬಚ್ಚಲು. ಇತ್ತೀಚೆಗೆ ಆ ಹಾಳೆ ಗೌಂಡಿಯ ಕೈ ಸೇರುವ ಮುನ್ನ ಗಣಕಯಂತ್ರವನ್ನು ಸೇರುವುದುಂಟು. ಪರದೆಯ ಮೇಲೆ ಬಣ್ಣದ ಮನೆ ಎದ್ದು ನಿಂತೊಡನೆ ನಾವು ಬೆರಗಾಗಿ ತಲೆಯಾಡಿಸುತ್ತೇವೆ. ಆದರೆ ಅದು ನಿಜವಾಗಿ ನಮ್ಮ ಮನೆಯೇ?

ಯಂತ್ರದ ಕ್ರಮ ಸರಳವಾದುದು. ಹಾಳೆಯ ಚಿತ್ರವನ್ನು ಪರದೆಗೆ ತಂದು, ಅಳತೆ ತಿಳಿದ ಒಂದು ಗೋಡೆಯನ್ನು ಆಧಾರವಾಗಿಟ್ಟು ಪ್ರಮಾಣವನ್ನು ನಿಗದಿಪಡಿಸುತ್ತಾರೆ. ಅನಂತರ ಗೆರೆಗಳ ಮೇಲೆ ಗೋಡೆಗಳನ್ನು ಎಬ್ಬಿಸಿ ಬಾಗಿಲು, ಕಿಟಕಿಗಳನ್ನು ಇಡುತ್ತಾರೆ. ಗೆರೆಗಾದರೋ ಎತ್ತರವಿಲ್ಲ, ದಪ್ಪವೂ ಇಲ್ಲ. ನಾವು ಹೇಳದೆ ಬಿಟ್ಟುದನ್ನು ತಂತ್ರಾಂಶವು ತನ್ನಲ್ಲಿ ಮೊದಲೇ ಇರುವ ಅಳತೆಯಿಂದ ಮೌನವಾಗಿ ತುಂಬಿಬಿಡುತ್ತದೆ. ಹಳೆಯ ಮನೆಯ 2 ಅಡಿ ದಪ್ಪದ ಮಣ್ಣಿನ ಗೋಡೆ ಅಲ್ಲಿ 9 ಅಂಗುಲಕ್ಕೆ ಇಳಿದೀತು. ಮಾಳಿಗೆಯ ಬೆಳಕಿಂಡಿ ಮಾಯವಾದೀತು.

ಈ ತೊಡಕು ಪುರಾತನವಾದುದು. ಕ್ರಿ.ಶ. 820-830ರ ಸುಮಾರಿಗೆ, ಹೊಲಿದು ಜೋಡಿಸಿದ ಐದು ಚರ್ಮದ ಹಾಳೆಗಳ ಮೇಲೆ ಬರೆದ ಒಂದು ಸನ್ಯಾಸಿ ಮಠದ ನಕ್ಷೆಯನ್ನು ಇಂದಿನ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠಾಧಿಪತಿ ಗೋಜ್ಬರ್ಟರಿಗೆ ಕಳುಹಿಸಲಾಯಿತು. ದೇವಾಲಯದ ಉದ್ದ 200 ಅಡಿ ಎಂದು ಅದರ ಬರಹ ಹೇಳಿದರೆ, ಗೆರೆಗಳ ಪ್ರಮಾಣದಂತೆ ಅದು ಸುಮಾರು 300 ಅಡಿಯಾಗುತ್ತದೆ. ನಮ್ಮ ಕಾಲದಲ್ಲಿ ಆ ನಕ್ಷೆಗೆ ಗಣಕ ಮಾದರಿ ರಚಿಸಿದ ವಿದ್ವಾಂಸರಿಗೂ ಗೋಡೆಗಳ ಎತ್ತರವನ್ನು ಊಹೆಯಿಂದಲೇ ತುಂಬಬೇಕಾಯಿತು. ಬರೆದಾತನನ್ನು ಕೇಳೋಣವೆಂದರೆ ಆತನಿಲ್ಲ. ನಮ್ಮ ಮನೆಗಳ ವಿಷಯದಲ್ಲಾದರೋ ಬರೆದವರು ಪಕ್ಕದಲ್ಲಿಯೇ ಇದ್ದಾರೆ; ಕೇಳುವವರಿಲ್ಲ, ಅಷ್ಟೆ.

ಮನೆಯ ರೂಪ ಮೊದಲು ಕಟ್ಟುವವನ ಮನಸ್ಸಿನಲ್ಲಿರುತ್ತದೆ ಎಂದು ಸಂತ ತೋಮಸ್ ಅಕ್ವಿನಾಸರು ವಿವರಿಸಿದ್ದಾರೆ. ಕುಟುಂಬದಲ್ಲಿ ಆ ಮನಸ್ಸು ಒಬ್ಬರದಲ್ಲ. ಹೊಗೆ ಯಾವ ಕಡೆ ಹೋಗಬೇಕೆಂದು ತಾಯಿಗೆ ಗೊತ್ತು. ಮೆಟ್ಟಿಲು ಎಷ್ಟು ತಗ್ಗಾಗಿರಬೇಕೆಂದು ಅಜ್ಜನ ಮೊಣಕಾಲಿಗೆ ಗೊತ್ತು.

ಆದುದರಿಂದ ಹಾಳೆಯ ಮೇಲೆ ಗೋಡೆಯ ದಪ್ಪ, ಎತ್ತರ, ಬಾಗಿಲಿನ ಅಗಲಗಳನ್ನು ಅಂಕಿಗಳಲ್ಲಿ ಬರೆಯೋಣ. ಜಾಗದ ನಾಲ್ಕು ಬದಿಗಳೊಡನೆ ಮೂಲೆಯಿಂದ ಮೂಲೆಗೂ ಅಳೆಯೋಣ. ಸೊಟ್ಟಾದ ಜಾಗ ಆಗ ಮರೆಯಾಗದು. ಮಾದರಿ ಸಿದ್ಧವಾದಾಗ ಮನೆಮಂದಿಯೆಲ್ಲ ಕುಳಿತು ನೋಡೋಣ. ಪರದೆಯ ಮೇಲೆ ಗೋಡೆ ಸರಿಸಲು ಒಂದು ಬೆರಳು ಸಾಕು. ಕಟ್ಟಿದ ಮೇಲೆ ಸರಿಸಲು ಸಾಲ ಮಾಡಬೇಕು.