ನಿಮಗಿದು ಗೊತ್ತೇ? ಬುಲೆಟ್ ಹೊಟ್ಟೆಯ ಅಲ್ಯೂಮಿನಿಯಂ ರಾಡ್

ಪಿಸ್ಟನ್ನಿಗೂ ಕ್ರ್ಯಾಂಕಿಗೂ ಕೊಂಡಿಯಾದ ಕನೆಕ್ಟಿಂಗ್ ರಾಡ್ ಅಲ್ಯೂಮಿನಿಯಂನದು ಅಂದರೆ ಅಮೆರಿಕದ ರೇಸ್ ಕಾರು ನೆನಪಾಗುತ್ತದೆಯೇ? ಬೆಂಗಳೂರಿನ ಕಾಮಾಕ್ಷಿಪಾಳ್ಯ, ರಾಜಾಜಿನಗರದಲ್ಲಿ ಹಳೇ ಬುಲೆಟ್ ಬೈಕಿನ ಇಂಜಿನ್ ಬಿಚ್ಚುವ ಮೆಕ್ಯಾನಿಕ್‌ಗಳನ್ನು ಕೇಳಿ. ಮದ್ರಾಸಿನಲ್ಲಿ ತಯಾರಾದ ಕಾಸ್ಟ್ ಐರನ್ ಇಂಜಿನ್ನಿನ ಬುಲೆಟ್‌ಗಳ ರಾಡ್ ಅಲ್ಯೂಮಿನಿಯಂ ಮಿಶ್ರಲೋಹದ್ದೇ!

ಮೂಲ ಇಂಗ್ಲಿಷ್ ವಿನ್ಯಾಸದಲ್ಲಿ ಆ ಲೋಹದ ಹೆಸರು ಹಿಡುಮಿನಿಯಂ ಆರ್‌ಆರ್ 56. ‘ಆರ್‌ಆರ್’ ಎಂದರೆ ರೋಲ್ಸ್ ರಾಯ್ಸ್. ಇದರ ಸೋದರ ಆರ್‌ಆರ್ 58, ಕಾಂಕಾರ್ಡ್ ವಿಮಾನದ ಮೈಯಾಯಿತು.

ಅಳತೆ ಒಂದೇ ಇದ್ದರೆ ಅಲ್ಯೂಮಿನಿಯಂ ತೂಕ ಉಕ್ಕಿನ ಮೂರನೇ ಒಂದು ಭಾಗ. ಆದರೆ ಬಿಗಿತ ಕೂಡ ಸುಮಾರು ಮೂರನೇ ಒಂದೇ. ಅದಕ್ಕೇ ರೇಸಿನ ಅಲ್ಯೂಮಿನಿಯಂ ರಾಡ್ ದಪ್ಪಗಿರುತ್ತದೆ. ಕ್ಯಾಮ್‌ಶಾಫ್ಟ್‌ಗೋ ಬ್ಲಾಕಿಗೋ ತಗುಲದಂತೆ ಜಾಗ ಮಾಡಿಕೊಳ್ಳಬೇಕಾಗುತ್ತದೆ.

ಹಗುರ ಮಾಡಲು ಇಷ್ಟೊಂದು ಪರದಾಟ ಏಕೆ? 88 ಮಿ.ಮೀ. ಸ್ಟ್ರೋಕಿನ ಇಂಜಿನ್ 7,000 ಆರ್‌ಪಿಎಂ ತಿರುಗುವಾಗ, ಅರ್ಧ ಕೆ.ಜಿ. ಪಿಸ್ಟನ್ ಮೇಲ್ತುದಿಯಲ್ಲಿ ರಾಡನ್ನು ಸುಮಾರು ಒಂದೂವರೆ ಟನ್ ಬಲದಿಂದ ಜಗ್ಗುತ್ತದೆ. ಈ ಜಗ್ಗಾಟ ನಿಮಿಷಕ್ಕೆ ಸಾವಿರಾರು ಸಲ. ರಾಡಿನ ತೂಕವೂ ಇದಕ್ಕೆ ಸೇರುವುದರಿಂದ, ಅದು ಹಗುರವಾದಷ್ಟೂ ಕ್ರ್ಯಾಂಕಿಗೆ ಆಯಾಸ ಕಡಿಮೆ.

ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಎರಡರಷ್ಟು ಹಿಗ್ಗುತ್ತದೆ. 150 ಮಿ.ಮೀ. ರಾಡ್ 100 ಡಿಗ್ರಿ ಏರಿದರೆ ಸುಮಾರು 0.35 ಮಿ.ಮೀ. ಉದ್ದವಾಗುತ್ತದೆ, ಜಗ್ಗಾಟದ ಎಳೆತ ಬೇರೆ. ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಹೆಚ್ಚು ಅಂತರ ಬಿಡದಿದ್ದರೆ ಎರಡೂ ಡಿಕ್ಕಿ ಹೊಡೆಯುತ್ತವೆ.

ಅಲ್ಯೂಮಿನಿಯಂ ನಿಜಕ್ಕೂ ಮೆರೆಯುವುದು ಡ್ರ್ಯಾಗ್ ರೇಸಿನಲ್ಲಿ. ಟಾಪ್ ಫ್ಯೂಯಲ್ ಕಾರುಗಳು 1,000 ಅಡಿಯನ್ನು ನಾಲ್ಕು ಸೆಕೆಂಡಿನೊಳಗೆ ಮುಗಿಸುತ್ತವೆ. ಸಿಡಿತದ ಏಟನ್ನು ರಾಡ್ ಕೊಂಚ ನುಂಗಿ ಬೇರಿಂಗ್ ಉಳಿಸುತ್ತದೆ.

ಅಂಡಾಕಾರದ ಟ್ರ್ಯಾಕಿನ ಕಥೆಯೇ ಬೇರೆ. ಡೇಟೋನಾ 500 ಎಂದರೆ 200 ಸುತ್ತು, ಸುಮಾರು 800 ಕಿ.ಮೀ. ಹಿಂದೆ ಮುಂದೆ ಬಗ್ಗಿಸಿದ ತಂತಿ ಕೊನೆಗೆ ತುಂಡಾಗುತ್ತದಲ್ಲ, ಲೋಹದ ದಣಿವು ಹಾಗೆ. ಉಕ್ಕಿಗೆ ಒಂದು ಮಿತಿಯಿದೆ, ಎಳೆತ ಅದರೊಳಗಿದ್ದರೆ ಬಹುಕಾಲ ಬಾಳುತ್ತದೆ. ಅಲ್ಯೂಮಿನಿಯಂಗೆ ಅಂಥ ಮಿತಿಯಿಲ್ಲ, ಪ್ರತಿ ಸುತ್ತೂ ಆಯುಷ್ಯ ತಿನ್ನುತ್ತದೆ. ಆದ್ದರಿಂದ ಅಲ್ಲಿ ಉಕ್ಕೇ ಸರಿ. ಹಟ ಹಿಡಿದು ಅಲ್ಯೂಮಿನಿಯಂ ಹಾಕಿದವರು ಓಡಿಸಿದ ಗಂಟೆಗಳನ್ನು ಬರೆದಿಟ್ಟು, ರಾಡ್ ಮುರಿಯುವ ಮುನ್ನವೇ ಬದಲಿಸಲೇಬೇಕು.

ಇಂಥ ಟ್ರ್ಯಾಕಿನಲ್ಲಿ ಇನ್ನೊಂದು ತೊಂದರೆ: ಕಾರು ಒಂದೇ ಕಡೆ ತಿರುಗುತ್ತಿದ್ದರೆ ಆಯಿಲ್ ಸಂಪಿನ ಇನ್ನೊಂದು ಬದಿಗೆ ಸರಿಯುತ್ತದೆ. ಪಂಪ್ ಗಾಳಿ ಹೀರಿದರೆ ಮೊದಲು ಸಾಯುವುದು ರಾಡಿನ ಬೇರಿಂಗ್. ಮೈಸೂರು ರಸ್ತೆಯ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್‌ನಂಥ ವಿದ್ಯಾರ್ಥಿ ತಂಡಗಳೂ, ಕಾರಿಗೆ ಪೆಟ್ರೋಲ್ ಇಂಜಿನ್ ಹಾಕಿದರೆ, ಇದನ್ನು ಎದುರಿಸಬೇಕು: ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಯ ಸ್ಕಿಡ್‌ಪ್ಯಾಡ್ ಪರೀಕ್ಷೆ 8ರ ಆಕಾರದ್ದು, ಒಳವೃತ್ತದ ವ್ಯಾಸ ಕೇವಲ 15.25 ಮೀಟರ್.

ಉಕ್ಕಿನ ರಾಡಿನ ಬಿರುಕನ್ನು ಕಾಂತೀಯ ಪರೀಕ್ಷೆಯಲ್ಲಿ ಹಿಡಿಯಬಹುದು. ಅಲ್ಯೂಮಿನಿಯಂಗೆ ಅದು ನಡೆಯದು. ಬಿರುಕಿಗಿಳಿಯುವ ಬಣ್ಣದ ದ್ರವ ಬಳಿದು ನೋಡಬೇಕು. ಹಳೇ ಬುಲೆಟ್‌ಗೆ ಈಗ ರೋಲರ್ ಬೇರಿಂಗಿನ ಉಕ್ಕಿನ ರಾಡೂ ಸಿಗುತ್ತದೆ. ನಿಮ್ಮ ಗಾಡಿಯಲ್ಲಿ ಯಾವುದಿದೆ ಎಂಬ ಅನುಮಾನವಿದ್ದರೆ, ಇಂಜಿನ್ ಬಿಚ್ಚಿದಾಗ ರಾಡಿಗೊಂದು ಅಯಸ್ಕಾಂತ ಹಿಡಿದು ನೋಡಿ.