ಸ್ಪೋರ್ಟ್ಸ್ ಕಾರಿನ ಟೈರು: ದುಬಾರಿಯೇ ಬೇಕೆ, ಮಧ್ಯಮ ದರದ್ದು ಸಾಕೆ?

ದೇವನೂರು (ಕಡೂರು ತಾಲ್ಲೂಕು): ಕವಿ ಲಕ್ಷ್ಮೀಶನ ಊರೆಂದು ಹೆಸರಾದ ದೇವನೂರಿನ ಸುತ್ತ ಬಯಲುಸೀಮೆಯ ಒಣ ರಸ್ತೆಗಳು. ಇಲ್ಲಿಂದ ಹೊರಟ ಕಾರು ಚಿಕ್ಕಮಗಳೂರು ದಾಟಿ ಮುಳ್ಳಯ್ಯನಗಿರಿಯತ್ತ ತಿರುಗಿದರೆ, ಮಳೆಗಾಲದಲ್ಲಿ ಅದೇ ಟೈರು ಅದೇ ದಿನ ನೀರು ಹರಿಯುವ ಘಾಟಿ ತಿರುವುಗಳನ್ನು ಎದುರಿಸಬೇಕು. ವೇಗದ ಕಾರಿಗೆ ದುಬಾರಿ ಟೈರು ಬೇಕೇ ಎಂಬ ಪ್ರಶ್ನೆಗೆ ಉತ್ತರ ದೊರೆಯುವುದು ಈ ಒದ್ದೆ ರಸ್ತೆಯಲ್ಲೇ.

ಹೆಚ್ಚಿನ ಹಣಕ್ಕೆ ಸಿಗುವುದೇನು?

ದುಬಾರಿ ಟೈರಿನ ರಬ್ಬರ್ ಮಿಶ್ರಣ ಸಾಮಾನ್ಯವಾಗಿ ಮೃದು. ಅದರಲ್ಲಿ ಬೆರೆಸುವ ಸಿಲಿಕಾ ಒದ್ದೆ ರಸ್ತೆಯಲ್ಲಿ ಹಿಡಿತವನ್ನು ಹೆಚ್ಚಿಸುತ್ತದೆ. ಬಿಗಿಯಾದ ಸೈಡ್‌ವಾಲ್‌ನಿಂದಾಗಿ ಸ್ಟೀರಿಂಗ್ ತಿರುಗಿಸಿದೊಡನೆ ಕಾರು ಸ್ಪಂದಿಸುತ್ತದೆ. ಆದರೆ ಮೃದು ರಬ್ಬರ್ ಬೇಗ ಸವೆಯುತ್ತದೆ. ಮಧ್ಯಮ ದರದ ಟೈರು ಅನೇಕ ವೇಳೆ ಅದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಒಣಗಿದ ನೇರ ಹೆದ್ದಾರಿಯಲ್ಲಿ ಮಿತ ವೇಗದಲ್ಲಿ ಹೋಗುವವರಿಗೆ ಎರಡರ ವ್ಯತ್ಯಾಸ ಅಷ್ಟಾಗಿ ಅರಿವಿಗೆ ಬಾರದು.

ವ್ಯತ್ಯಾಸ ತಿಳಿಯುವುದು ತುರ್ತಾಗಿ ಬ್ರೇಕ್ ಒತ್ತಿದಾಗ. ಗಂಟೆಗೆ 100 ಕಿ.ಮೀ. ವೇಗದಲ್ಲಿರುವ ಕಾರು, ಹಿಡಿತದ ಗುಣಾಂಕ 0.8 ಇದ್ದರೆ ಸುಮಾರು 49 ಮೀಟರ್‌ನಲ್ಲಿ ನಿಲ್ಲುತ್ತದೆ; 0.7 ಇದ್ದರೆ ಸುಮಾರು 56 ಮೀಟರ್ ಬೇಕು. ಏಳೇ ಮೀಟರ್ ಎನ್ನುವಂತಿಲ್ಲ. ಮೊದಲ ಕಾರು ನಿಂತ ಜಾಗದಲ್ಲಿ ಎರಡನೆಯದು ಇನ್ನೂ ಗಂಟೆಗೆ 35 ಕಿ.ಮೀ. ವೇಗದಲ್ಲಿರುತ್ತದೆ.

ಬೆಲೆಗಿಂತ ಮೊದಲು ನೋಡಬೇಕಾದ್ದು

ಟೈರಿನ ಪಕ್ಕದಲ್ಲಿ 225/45 ಆರ್17 94ಡಬ್ಲ್ಯು ಎಂದಿದ್ದರೆ, 94 ಎಂಬುದು ಒಂದು ಟೈರು 670 ಕಿಲೋ ಹೊರಬಲ್ಲದು ಎಂಬುದರ ಸೂಚಕ. ಡಬ್ಲ್ಯು ಎಂದರೆ ಗರಿಷ್ಠ 270 ಕಿ.ಮೀ. ವೇಗ ತಾಳಬಲ್ಲದು ಎಂದರ್ಥ. ವಿ ಎಂದಿದ್ದರೆ 240. ಕಾರು ತಯಾರಕರು ಸೂಚಿಸಿದ್ದಕ್ಕಿಂತ ಕೆಳಗಿನ ದರ್ಜೆಯ ಟೈರು, ಎಷ್ಟೇ ಅಗ್ಗವಾಗಿದ್ದರೂ, ಸಲ್ಲದು. ಐಎಸ್‌ಐ ಗುರುತೂ ಇರಲೇಬೇಕು.

ತಯಾರಿಕೆಯ ದಿನವೂ ಮುಖ್ಯ. ಡಿಒಟಿ ಸಂಕೇತದ ಕೊನೆಯಲ್ಲಿ 2325 ಎಂದಿದ್ದರೆ ಅದು 2025ರ 23ನೇ ವಾರದ ಟೈರು. ವಾರಾಂತ್ಯಕ್ಕೆ ಮಾತ್ರ ಹೊರಬರುವ ಸ್ಪೋರ್ಟ್ಸ್ ಕಾರಿನ ಟೈರು ಸವೆಯುವ ಮೊದಲೇ ಮುದಿಯಾಗಿ ಗಡುಸಾಗುತ್ತದೆ. ಹತ್ತು ವರ್ಷ ಕಳೆದ ಟೈರನ್ನು, ಗೀರು ಎಷ್ಟೇ ಉಳಿದಿದ್ದರೂ ಬದಲಿಸಬೇಕೆಂದು ಪ್ರಮುಖ ತಯಾರಕರೇ ಹೇಳುತ್ತಾರೆ. ಕಾರಿನ ಟೈರಿನ ಗೀರಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಬಾರದು ಎಂಬುದು ಕೇಂದ್ರ ಮೋಟಾರು ವಾಹನ ನಿಯಮ. ಆದರೆ ಆ ಮಿತಿ ಮುಟ್ಟುವ ಮುನ್ನವೇ ಟೈರು ನೀರನ್ನು ಹೊರಹಾಕುವ ಶಕ್ತಿಯನ್ನು ಬಹುಪಾಲು ಕಳೆದುಕೊಂಡಿರುತ್ತದೆ.

ಯಾರಿಗೆ ಯಾವುದು?

ಮಲೆನಾಡಿನ ಮಳೆಯಲ್ಲಿ ಆಗಾಗ ಓಡಾಡುವವರು, ಹೆಚ್ಚು ಶಕ್ತಿಯ ಕಾರುಳ್ಳವರು ದುಬಾರಿ ಟೈರಿಗೆ ಹಣ ತೆರುವುದು ಸಾರ್ಥಕ. ನಗರ ಮತ್ತು ಬಯಲುಸೀಮೆಯಲ್ಲೇ ಹೆಚ್ಚು ಓಡಿಸುವವರಿಗೆ ಸರಿಯಾದ ದರ್ಜೆಯ, ಹೆಸರಾಂತ ಕಂಪನಿಯ ಮಧ್ಯಮ ದರದ ಟೈರು ಸಾಕು. ಹಣ ಸಾಲದೆಂದು ಎರಡು ಗಾಲಿಗೆ ದುಬಾರಿ, ಎರಡಕ್ಕೆ ಅಗ್ಗದ್ದು ಹಾಕಿಸುವುದಕ್ಕಿಂತ ನಾಲ್ಕೂ ಒಂದೇ ಬಗೆಯ ಮಧ್ಯಮ ದರದವಾಗಿರುವುದು ಸುರಕ್ಷಿತ. ಹಿಡಿತ ಹಿಂದೊಂದು ಮುಂದೊಂದಾದರೆ ತಿರುವಿನಲ್ಲಿ ಕಾರು ಕೈತಪ್ಪುತ್ತದೆ.

2025ರ ಸೆಪ್ಟೆಂಬರ್ 22ರಿಂದ ಹೊಸ ಟೈರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ಅದರಿಂದ ಉಳಿದ ಹಣದಲ್ಲಿ ವೀಲ್ ಅಲೈನ್‌ಮೆಂಟ್ ಮಾಡಿಸಿ, ತಿಂಗಳಿಗೊಮ್ಮೆ ಗಾಳಿಯ ಒತ್ತಡ ಪರೀಕ್ಷಿಸುತ್ತಿದ್ದರೆ ಯಾವ ದರದ ಟೈರಾದರೂ ಕೊಟ್ಟ ಬೆಲೆಗೆ ನ್ಯಾಯ ಸಲ್ಲಿಸೀತು.