ಮರದ ಗ್ರೇನ್ ಎಲಿವೇಟರ್‌ಗಳು

ಗ್ರೇನ್ ಎಲಿವೇಟರ್ ಎಂಬುದು ಧಾನ್ಯವನ್ನು ಯಂತ್ರದ ನೆರವಿನಿಂದ ಮೇಲಕ್ಕೆತ್ತಿ, ಕಣಜಗಳಲ್ಲಿ ಸಂಗ್ರಹಿಸಿ, ರೈಲ್ವೆ ವ್ಯಾಗನ್‌ಗಳಿಗೆ ತುಂಬಿಸುವ ಎತ್ತರದ ಕಟ್ಟಡ. ಕೆನಡಾದ ಮ್ಯಾನಿಟೋಬಾ, ಸಸ್ಕಾಚೆವಾನ್ ಮತ್ತು ಆಲ್ಬರ್ಟಾ ಪ್ರಾಂತ್ಯಗಳ ರೈಲುಮಾರ್ಗಗಳ ಪಕ್ಕದಲ್ಲಿ ಮರದ ಎಲಿವೇಟರ್‌ಗಳು ಸಾವಿರಾರು ಸಂಖ್ಯೆಯಲ್ಲಿದ್ದವು. ಬಯಲಿನಲ್ಲಿ ಊರಿಗೆ ಮೊದಲೇ ಕಾಣುತ್ತಿದ್ದುದು ಇವೇ.

ರಚನೆ ಮತ್ತು ಕಾರ್ಯವಿಧಾನ

ಜೋಸೆಫ್ ಡಾರ್ಟ್ ಎಂಬ ವರ್ತಕನು ಅಮೆರಿಕದ ಬಫಲೋ ನಗರದಲ್ಲಿ 1842ರಲ್ಲಿ ಉಗಿಯಂತ್ರದಿಂದ ನಡೆಯುವ ಎಲಿವೇಟರನ್ನು ಕಟ್ಟಿಸಿದನು. ತತ್ತ್ವ ಸರಳವಾದುದು. ಕೊನೆಯಿಲ್ಲದ ಪಟ್ಟಿಯೊಂದಕ್ಕೆ ಸಾಲಾಗಿ ಜೋಡಿಸಿದ ಬಟ್ಟಲುಗಳು ಕೆಳಗಿನ ಗುಂಡಿಯಿಂದ ಧಾನ್ಯವನ್ನು ತುಂಬಿಕೊಂಡು ಮೇಲೇರಿ ತುದಿಯಲ್ಲಿ ಸುರಿಯುತ್ತವೆ. ಬಾವಿಯಿಂದ ನೀರೆತ್ತುವ ಗಡಿಗೆಗಳ ಚಕ್ರವನ್ನು ಬಲ್ಲವರಿಗೆ ಇದು ಹೊಸತೆನಿಸದು. ಅಲ್ಲಿಂದ ಮುಂದಿನ ಕೆಲಸವೆಲ್ಲ ಗುರುತ್ವಾಕರ್ಷಣೆಯದು. ತಿರುಗುವ ಕೊಳವೆಯ ಮೂಲಕ ಧಾನ್ಯವು ಬೇಕಾದ ಕಣಜಕ್ಕೆ, ಆಮೇಲೆ ತೂಕವಾಗಿ ವ್ಯಾಗನ್ನಿಗೆ ಇಳಿಯುತ್ತದೆ.

ರಾಶಿ ಬಿದ್ದ ಧಾನ್ಯವು ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಆದುದರಿಂದ ಹಲಗೆಗಳನ್ನು ನಿಲ್ಲಿಸದೆ, ಒಂದರ ಮೇಲೊಂದು ಅಡ್ಡಲಾಗಿ ಮಲಗಿಸಿ ಮೊಳೆ ಹೊಡೆದು ಗೋಡೆಗಳನ್ನು ಕಟ್ಟುತ್ತಿದ್ದರು. ಧಾನ್ಯದ ಧೂಳಿಗೆ ಕಿಡಿ ತಗುಲಿದರೆ ಸ್ಫೋಟವೇ ಆಗುವುದರಿಂದ ಎಂಜಿನ್ನನ್ನು ಕಚೇರಿಯ ಜೊತೆಗೆ ಪ್ರತ್ಯೇಕ ಕಟ್ಟಡದಲ್ಲಿ ಇಡುತ್ತಿದ್ದರು.

ರೈತರ ಹೋರಾಟ

ರೈತನ ಬಂಡಿಯನ್ನು ತುಂಬಿದಾಗ ಒಮ್ಮೆ, ಬರಿದಾದಾಗ ಒಮ್ಮೆ ತೂಗಲಾಗುತ್ತಿತ್ತು. ಗೋಧಿಯ ದರ್ಜೆಯನ್ನೂ, ಕಸಕಡ್ಡಿಗೆಂದು ಕಳೆಯಬೇಕಾದ ತೂಕವನ್ನೂ ಹೇಳುವವನು ಎಲಿವೇಟರಿನ ನಿರ್ವಾಹಕ. ವರ್ಷದ ದುಡಿಮೆಯ ಬೆಲೆ ಅವನ ಮಾತಿನ ಮೇಲೆ ನಿಂತಿತ್ತು. ಕನಿಷ್ಠ 25,000 ಬುಷೆಲ್ (ಸುಮಾರು 680 ಟನ್) ಗೋಧಿ ಹಿಡಿಯುವ ಎಲಿವೇಟರ್ ಕಟ್ಟಿದವರಿಗೆ ಕೆನಡಿಯನ್ ಪೆಸಿಫಿಕ್ ರೈಲ್ವೆಯು ವಿಶೇಷ ಸೌಲಭ್ಯ ಕೊಟ್ಟು, ರೈತರು ತಾವೇ ವ್ಯಾಗನ್ ತುಂಬಿಸುವುದಕ್ಕೆ ತಡೆಯೊಡ್ಡಿತು. ಹೀಗಾಗಿ ಮಾರುವವನಿಗೆ ಬೇರೆ ದಾರಿಯೇ ಉಳಿಯಲಿಲ್ಲ. 1900ರ ಮ್ಯಾನಿಟೋಬಾ ಧಾನ್ಯ ಕಾಯಿದೆಯು ರೈತರಿಗೆ ನೇರವಾಗಿ ವ್ಯಾಗನ್ ಪಡೆಯುವ ಹಕ್ಕನ್ನು ನೀಡಿತಾದರೂ ಕಾಯಿದೆಯ ಪಾಲನೆ ಬೇರೆಯೇ ಮಾತು. 1902ರಲ್ಲಿ ಸಿಂಟಾಲುಟಾ ಎಂಬ ಊರಿನ ರೈತರು, ಸರದಿ ಮೀರಿ ವ್ಯಾಗನ್ ಹಂಚಿದನೆಂದು ರೈಲ್ವೆಯ ನೌಕರನ ಮೇಲೆ ಮೊಕದ್ದಮೆ ಹೂಡಿ ಗೆದ್ದರು. ಮುಂದೆ ರೈತರ ಸಹಕಾರ ಸಂಘಗಳೇ ಎಲಿವೇಟರ್‌ಗಳ ಒಡೆತನ ಪಡೆದವು.

ಅವನತಿ

ಬಂಡಿಗಳ ಕಾಲದಲ್ಲಿ ಹತ್ತಾರು ಕಿಲೋಮೀಟರಿಗೊಂದು ಎಲಿವೇಟರ್ ಅನಿವಾರ್ಯವಾಗಿತ್ತು. ಲಾರಿಗಳು ಬಂದ ಮೇಲೆ ಆ ಅಗತ್ಯ ತಪ್ಪಿತು. ಕವಲು ರೈಲುಮಾರ್ಗಗಳು ಮುಚ್ಚಿದವು. ಧಾನ್ಯ ಸಾಗಣೆಗಿದ್ದ ಸಹಾಯಧನ 1995ರಲ್ಲಿ ನಿಂತಿತು. ಕಾಂಕ್ರೀಟಿನ ಬೃಹತ್ ಎಲಿವೇಟರ್‌ಗಳು ತಲೆಯೆತ್ತಿದವು. ಹೆಚ್ಚಿನ ಮರದ ಕಟ್ಟಡಗಳನ್ನು ಕೆಡವಲಾಗಿದೆ. ಮ್ಯಾನಿಟೋಬಾದ ಇಂಗ್ಲಿಸ್‌ನಲ್ಲಿ ಸಾಲಾಗಿ ನಿಂತ ಐದು ಎಲಿವೇಟರ್‌ಗಳು ಇಂದು ರಾಷ್ಟ್ರೀಯ ಐತಿಹಾಸಿಕ ತಾಣವಾಗಿವೆ. ಸಸ್ಕಾಚೆವಾನ್‌ನ ಫ್ಲೆಮಿಂಗ್‌ನಲ್ಲಿ 1895ರಲ್ಲಿ ಕಟ್ಟಿದ ಎಲಿವೇಟರ್ 2010ರಲ್ಲಿ ಬೆಂಕಿಗೆ ಆಹುತಿಯಾಯಿತು.